ಒಂಬತ್ತನೇ ನಂಬರು

ಬೆಳಿಗ್ಗೆ ಎಂಟಕ್ಕೆ ನನ್ನ ಮೊದಲ ಕೆಲಸ ತೂಕ.
ಗಂಗೋತ್ರಿಯ ಹಿಂದಿನ ಸಾಲಿನ ಕೋಣೆ, ಒಂದೇ ಕಿಟಕಿ,
ಹನ್ನೆರಡು ಪಾರಿವಾಳ.
ಹಳೇ ಕಾಲುಚೀಲದೊಳಕ್ಕೆ ತೂರಿಸಿ ತಕ್ಕಡಿಗಿಟ್ಟರೆ
ಕತ್ತು ಮಾತ್ರ ಹೊರಗೆ,
ಅಂಬಾಸಿಡರ್ ಕಾರಿನೊಳಗಿಂದ ಇಣುಕಿದ ಹಾಗೆ ಸುತ್ತ ನೋಡುತ್ತವೆ.
ಹೊಟ್ಟೆ ಬಿರಿಯ ತಿಂದಾಗ ತೂಗಿದ್ದೆಷ್ಟೋ
ಅದರಲ್ಲಿ ನೂರಕ್ಕೆ ಎಂಬತ್ತು. ಅಷ್ಟೇ ಇರಬೇಕು.
"ಹಸಿದಿರಬೇಕು ಚೌಡಮ್ಮ, ಸೊರಗಬಾರದು,"
ಎಂದಿದ್ದರು ಗ್ಲ್ಯಾಡಿಸ್ ಮೇಡಂ.
ದಿನಗೂಲಿಯವಳಿಗೆ ಆ ಲೆಕ್ಕ
ಎರಡನೇ ಸಲ ಹೇಳಬೇಕಾಗಲಿಲ್ಲ.

ಪೆಟ್ಟಿಗೆಯೊಳಗೆ ಎರಡು ಗುಂಡಿ.
ಕೆಂಪು ಕುಟುಕಿದರೆ ಆಗಿಂದಾಗಲೇ ನವಣೆ,
ಎರಡು ಎಣಿಸುವಷ್ಟು ಹೊತ್ತು.
ಹಸಿರು ಕುಟುಕಿದರೆ ದೀಪ ಆರುತ್ತದೆ.
ಕತ್ತಲಲ್ಲಿ ನಾಲ್ಕು ಎಣಿಸಬೇಕು,
ಆಮೇಲೆ ಕಾಳಿನ ಬಾಗಿಲು ಆರು ಎಣಿಸುವಷ್ಟು ಹೊತ್ತು ತೆರೆದೇ ಇರುತ್ತದೆ.
ಅಂಗನವಾಡಿ ಕೂಸಿಗೂ ಗೊತ್ತು ಯಾವುದು ಹೆಚ್ಚು ಅಂತ.
ಹಕ್ಕಿಗೂ ಗೊತ್ತು.
ಆದರೂ ಕೆಂಪು. ಕೆಂಪು. ಮತ್ತೂ ಕೆಂಪು.

"ದಡ್ಡ ಮುಂಡೇವು," ಎಂದೆ.
ಮೇಡಂ ನಗಲಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಹೆಬ್ಬೆರಳು ಕಣ್ಣಿಗೆ ಹತ್ತಿರ ಹಿಡಿ ಅಂದರು.
ಹಿಡಿದೆ.
ಚಾಮುಂಡಿ ಬೆಟ್ಟ ಇಲ್ಲವಾಯಿತು,
ಗೋಪುರ, ದೀಪದ ಸಾಲು, ಎಲ್ಲ.
ಈಗ ಕೈ ಚಾಚು ಅಂದರು.
ಉಗುರಿನ ಪಕ್ಕದಲ್ಲಿ ಬೆಟ್ಟ
ತನ್ನ ಅಳತೆಗೇ ಬಂದು ಕೂತಿತ್ತು.

ಮರುವಾರ ಎರಡೂ ಗುಂಡಿಗೆ ಹತ್ತು ಹತ್ತು ಎಣಿಕೆ ಕೂಡಿಸಿದರು.
ಕಾಳೂ ಅವೇ, ಕೊಕ್ಕೂ ಅವೇ,
ಆದರೆ ಎರಡೂ ದೂರ.
ಹಕ್ಕಿಗಳು ತಿರುಗಿ ಹಸಿರು ಕುಟುಕತೊಡಗಿದವು,
ಯುಗಾದಿ ದಿನ ಚೀಟಿ ಕಟ್ಟುವ ಮನಸ್ಸು ಮಾಡುವವರಂತೆ.
ನಾನೂ ಹಾಗೇ.
ಒಂದನೇ ತಾರೀಕು ನನ್ನಷ್ಟು ಜಾಣೆ ಇಡೀ ಮೈಸೂರಲ್ಲಿಲ್ಲ.

ಮೂಲೆಯ ಪೆಟ್ಟಿಗೆಯ ನಾಲ್ಕನೇ ನಂಬರಿಗೆ
ಗಡಿಯಾರದ ಕಾಳು, ನಿಮಿಷಕ್ಕೊಮ್ಮೆ.
ತಿಂದು ಗರಿ ತಿದ್ದಿಕೊಂಡು ಕೂರುತ್ತದೆ,
ನಿಮಿಷ ತುಂಬುವ ಮುಂಚೆ ಮಾತ್ರ ಟಪಟಪ,
ಸಾಹೇಬರ ಜೀಪಿನ ಸದ್ದು ಕೇಳಿದ ಆಫೀಸಿನಂತೆ.
ಏಳನೆಯದಕ್ಕೆ ಯಾವಾಗ ಬೀಳುತ್ತದೋ ಕಾಳು,
ದೇವರಿಗೂ ಗೊತ್ತಿಲ್ಲ, ಮೇಡಂ ಪಟ್ಟಿಗೆ ಮಾತ್ರ ಗೊತ್ತು.
ಅದು ಬಿಡುವೇ ಇಲ್ಲದೆ ಕುಟುಕುತ್ತದೆ.
ಅವಸರವಿಲ್ಲ, ನಿರಾಸೆಯಿಲ್ಲ,
ಕುಟುಕು, ಕುಟುಕು,
ಸಂಜೆವರೆಗೆ.

ಅದನ್ನು ನೋಡುತ್ತ ನಿಂತಾಗ
ಕ್ರಾಫರ್ಡ್ ಹಾಲಿನ ಕಿಟಕಿ ನೆನಪಾಯಿತು.
ಗುಮಾಸ್ತ ಕಾಂತರಾಜೇ ಅರಸರು ಕೆಟ್ಟವರಲ್ಲ.
ಹತ್ತು ಸಲ ಹೋದರೆ ತಲೆಯೆತ್ತುವುದಿಲ್ಲ;
ಹನ್ನೊಂದನೇ ಸಲವೋ, ಮೂರನೇ ಸಲವೋ,
"ನಿನ್ನ ಫೈಲು ಮೇಲಕ್ಕೆ ಹೋಗಿದೆ ಕಣಮ್ಮ," ಅನ್ನುತ್ತಾರೆ.
ಅಷ್ಟು ಸಾಕು.
ಕಾಯಂ ಆಗುವ ಹಸಿರು ದೀಪಕ್ಕೆ ಹನ್ನೊಂದು ವರ್ಷ.
ತಂಗಿ ನಿಂಗಾಜಿ ಊದುಬತ್ತಿ ಹೊಸೆಯಲು ಕರೆಯುತ್ತಾಳೆ,
ಶನಿವಾರ ಶನಿವಾರ ಕೈಗೆ ಕಾಸು.
ಯಾವುದು ಬೆಟ್ಟ, ಯಾವುದು ಹೆಬ್ಬೆರಳು?
ಮೇಡಂನ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಒಂದು ಸಂಜೆ ಬೀಗ ಹಾಕುವ ಮುಂಚೆ
ಒಂಬತ್ತನೇ ನಂಬರು ನನ್ನನ್ನೇ ನೋಡಿತು.
ಒಂದು ಕಣ್ಣಲ್ಲಿ, ಕತ್ತು ವಾರೆ ಮಾಡಿ.
ಬೊಗಸೆ ನವಣೆ ಸುರಿದುಬಿಟ್ಟೆ.

ಬೆಳಿಗ್ಗೆ ಮುಳ್ಳು ಮೂವತ್ತು ಗ್ರಾಂ ಹೆಚ್ಚು ತೋರಿಸಿತು.
ನಿನ್ನೆಯ ಅಂಕಿಯನ್ನೇ ಬರೆದೆ.
ಪೆಟ್ಟಿಗೆಗೆ ಬಿಟ್ಟಾಗ ಕೆಂಪಿನ ಮುಂದೆ ನಿಂತಿತು,
ನಿಂತಿತು,
ಸರಿದು ಹೋಗಿ ಹಸಿರು ಕುಟುಕಿತು.
ಕತ್ತಲಲ್ಲಿ ಅದರ ಉಗುರು ತಗಡು ಕೆರೆಯುವುದು ಕೇಳಿಸುತ್ತಿತ್ತು:
ಒಂದು, ಎರಡು, ಮೂರು...
ಅದು ಎಣಿಸಿತೋ, ನಾನೋ.

ಮೇಡಂ ಗ್ರಾಫ್ ಹಾಳೆಯ ಮೇಲೆ ಹುಬ್ಬು ಗಂಟಿಕ್ಕಿದರು.
ಎಲ್ಲ ಚುಕ್ಕಿ ಗೆರೆಗೆ ಅಂಟಿದ್ದವು,
ಒಂದು ಮಾತ್ರ ಬಲು ಮೇಲೆ, ಒಂಟಿ.
ಪೆನ್ಸಿಲಿನಲ್ಲಿ ಸುತ್ತು ಹಾಕಿ ಏನೋ ಬರೆದರು.
ಏನು ಮೇಡಂ ಅಂದೆ.
"ಏನೋ ತಪ್ಪಾಗಿದೆ. ಇದನ್ನು ಬಿಟ್ಟುಬಿಡೋಣ."

ಕಾಲುಚೀಲ ಒಗೆದು ಕಿಟಕಿಗೆ ಒಣಹಾಕಿದೆ.
ಹನ್ನೊಂದೂವರೆಗೆ ಕ್ರಾಫರ್ಡ್ ಹಾಲ್ ಕಿಟಕಿ ತೆರೆಯುತ್ತದೆ.